ಪಾಲಿಗೆ ಬಂದದ್ದು

ದಿನ ಮುಗಿದ ಮರುದಿನ ಬೆಟಗೇರಿ ಮನಿಯ ಪಡಸಾಲ್ಯಾಗ
ಜಮಖಾನಿ ಹಾಸಿ ಅತ್ತಿಯ ಬಂಗಾರ ಸುರಿವಿದರು.
ಬೋರಮಾಳ ದಾಕ್ಷಾಯಣಕ್ಕಗ.
ಪಾಟ್ಲಿ, ಬಿಲವಾರ ಪ್ರಮೀಳಾಗ.
"ನಿನಗ ಡಬ್ಬಿ ಇರಲಿ" ಅಂದರು, "ಅಸಲ ಸಾಗವಾನಿ,
ಲಕ್ಷ್ಮೇಶ್ವರದ ಬಡಿಗ್ಯಾರ ಕೈದು, ಅವ್ವನ ಅಜ್ಜಿ ಕಾಲದ್ದು,
ಇಂಥಾ ಕೆಲಸ ಈಗ ಯಾರು ಮಾಡತಾರ?"
ಬರಿದಾದ ಪೆಟಿಗಿ. ಹೊಗಳಿಕಿಯಷ್ಟ ತೂಕ.

ಪಾಲಿಗೆ ಬಂದದ್ದು ಪಂಚಾಮೃತ ಅಂದೆ.
ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿದೆ.
ಸೂಜಿ, ಗುಂಡಿ, ಫಾಲಿನ ದಾರ ತುಂಬಿದೆ.
ಮುಚ್ಚಳದ ಮ್ಯಾಲ ಎರಡು ನವಿಲು,
ಒಂದರ ಜುಟ್ಟು ಸವೆದು ಗಿಣಿಯಾಗೇತಿ.

ಆರು ತಿಂಗಳಾದ ಮ್ಯಾಲ, ಕರೆಂಟ್ ಹೋದ ಒಂದು ಮಧ್ಯಾಹ್ನ,
ಮಷಿನ್ ನಿಂತು ಕೈಗೆ ಕೆಲಸಿಲ್ಲದ
ಅಳತಿ ಟೇಪು ಸುಮ್ಮನ ಅದರೊಳಗ ಇಳಿಬಿಟ್ಟೆ.
ಹೊರಗ ಐದೂವರಿ ಇಂಚು. ಒಳಗ ಮೂರು.
ಜಂಪರಿನ ಅರಿವ್ಯಾಗ ಎರಡೂವರಿ ಇಂಚು ಕಳದರ
ಯಾವ ಗಿರಾಕಿ ಬಿಡತಾಳ?

ಕೀಲು ಒತ್ತಿದೆ, ತಳ ತಟ್ಟಿದೆ,
ಹಿತ್ತಾಳಿ ಹೂವಿನ ಎಸಳು ಒಂದೊಂದ ತಿರುವಿದೆ.
ನವಿಲಿನ ಕಣ್ಣು, ಎಡಗಡೆಯದು, ಹೆಬ್ಬೆಟ್ಟಿಗೆ ಸೋತು
ಒಳಗ ಸರೀತು; ನಿದ್ದಿಗಣ್ಣಿನ ಬೆಕ್ಕು ಮೈ ಮುರಿದಂಗ
ಮಗ್ಗಲದಿಂದ ಒಂದು ಖಾನೆ ಹೊರಗ ಬಂತು.
ಒಂದು ಲವಂಗ. ಅಷ್ಟ.
ಅದರ ಬೆನ್ನಿಗೆ ಇನ್ನೊಂದು, ನಾಲಿಗಿಯಷ್ಟು ಅಗಲ,
ಅದರಾಗ ನಾಕು ಮಡಿಕಿಯ ಚೀಟಿಗಳು.

ಒತ್ತಿ ಚೀಟಿ. ಪತ್ತಾರ ಕಾಳಪ್ಪನ ಅಂಗಡಿ, ನೇರಳೆ ಮಸಿ.
ಬೋರಮಾಳ, ನಾಕು ತೊಲಿ, ಎಪ್ಪತ್ನಾಲ್ಕರ ಜೂನ್:
ದಾಕ್ಷಾಯಣಕ್ಕ ಬಿ.ಎಡ್. ಓದಾಕ ಧಾರವಾಡಕ್ಕ ಹೋದ ಜೂನ್.
ಪಾಟ್ಲಿ, ಬಿಲವಾರ, ಎಂಬತ್ತೊಂದು:
ಹೊಟ್ಟ್ಯಾಗ ಕೂಸು ಅಡ್ಡಾಗಿ ಪ್ರಮೀಳಾನ್ನ ನಡುರಾತ್ರಿ
ಜೀಪಿನ್ಯಾಗ ಹುಬ್ಬಳ್ಳಿ ದವಾಖಾನಿಗೆ ಒಯ್ದ ವರ್ಷ.
ಮತ್ತೊಂದು ಅರವತ್ತೆಂಟರದು, ಮೂಗುತಿ, ನಲವತ್ತು ರೂಪಾಯಿ;
ಅದು ಯಾರ ಸಲುವಾಗಿ, ಇವತ್ತಿಗೂ ಗೊತ್ತಿಲ್ಲ.
ಬಿಡಿಸಿಕೊಂಡ ಗುರುತು ಯಾವುದಕ್ಕೂ ಇಲ್ಲ.
ಬೋರಮಾಳದ ಚೀಟಿ ಹಿಂದ ಬ್ಯಾರೆ ಅಕ್ಷರ:
"ಅದ ನಮೂನಿ. ಗಿಲೀಟು. ಸಂದದ್ದು ಹನ್ನೆರಡು ರೂಪಾಯಿ."

ಅಂದ್ರ, ನಲವತ್ತು ವರ್ಷ ಚನ್ನವೀರವ್ವ
ಹಿತ್ತಾಳಿ ಹಾಕ್ಕೊಂಡು ಬಂಗಾರದ ಹಂಗ ನಡದಳು,
ಬೆವರು ತಾಗದಂಗ ಸೆರಗು ಒರಸಿಕೋತ,
ಯಾರ ಕೈಗೂ ಕೊಡಲಾರದ.
ನಾವು ಅದನ್ನ ಸೊಕ್ಕು ಅಂತಿದ್ದಿವಿ.

ಹೇಳಲೇನು? ಹೇಳಿದರ,
ಡಬ್ಬಿ ಸಿಕ್ಕಾಕಿ ಹೊಟ್ಟಿಕಿಚ್ಚಿಗೆ ಆಡತಾಳ ಅಂತಾರ.
ಹೇಳದಿದ್ದರ, ಯಾವತ್ತರ ಒಂದಿನ
ಬ್ಯಾಂಕಿನವರು ಒರೆಗಲ್ಲಿಗೆ ತಿಕ್ಕಿ ಹೇಳತಾರ.
ಚೀಟಿ ಹೆಂಗಿದ್ದವೋ ಹಂಗ ಮಡಚಿಟ್ಟೆ.
ಲವಂಗ ಮಾತ್ರ ತಿಂದೆ. ಖಾರ ಇನ್ನೂ ಇತ್ತು.

ನಿನ್ನೆ ದಾಕ್ಷಾಯಣಕ್ಕ ಬಂದಿದ್ದಳು, ಜಂಪರಿಗೆ ಅಳತಿ ಕೊಡಾಕ.
ಕೊರಳಾಗ ಬೋರಮಾಳ.
ತೆಗೀರಿ ಅಕ್ಕಾ, ಟೇಪಿಗೆ ಸಿಗತೈತಿ ಅಂದೆ.
ತೆಗೆದಳು. ಎಲ್ಲಿಡಲಿ ಅಂತ ಕೇಳಲಿಲ್ಲ.
ಮಾತು ಮೊಮ್ಮಗಳ ಪರೀಕ್ಷಾದ್ದು, ಮುಖ ನನ್ನ ಕಡೆ,
ಹೆಬ್ಬೆಟ್ಟು ತನ್ನಷ್ಟಕ್ಕ ತಾನ
ನವಿಲಿನ ಎಡಗಣ್ಣಿಗೆ ಹೋತು.
ಅಲ್ಲೇ ನಿಂತಿತು.

ನಾನು ತೋಳಿನ ಉದ್ದ ಬರಕೊಂಡೆ, ಎರಡು ಸಲ, ಎರಡೂ ತಪ್ಪು.
"ಸೂಜಿ ಇಡತೀನಿ ಅದರಾಗ" ಅಂದೆ.
"ಇಡವ್ವಾ" ಅಂದಳು, ಬೋರಮಾಳ ಹೊಳ್ಳಿ ಹಾಕ್ಕೊಂತ,
"ಜಂಗು ಹಿಡೀದಂಗ ನೋಡಕೋ."