ಕೊನೆಯ ಸೀಟು

ಮಕ್ಕಳು ಇಳಿದ ಮೇಲೂ ನನ್ನ ಕೆಲಸ ಮುಗಿಯುವುದಿಲ್ಲ.
ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ, ಕೆಳಗೆ ಕೈಯಾಡಿಸಿ,
ಯಾರೂ ನಿದ್ದೆಹೋಗಿಲ್ಲ ಎಂದು ನೋಡಿಕೊಂಡು
ಹಿಂದಿನ ಗಾಜಿಗೆ ‘ಖಾಲಿ’ ಎಂಬ ಹಸಿರು ಫಲಕ ತೂಗಬೇಕು.
ಮುಹರ್ರಕ್‌ನ ಬಿಸಿಲಿಗೆ ಮುಚ್ಚಿದ ಬಸ್ಸು
ಕಾಲು ಗಂಟೆಯಲ್ಲಿ ಕಾವಲಿ.

ಆ ಗುರುವಾರ ಕೈಗೆ ಸಿಕ್ಕಿದ್ದು
ಚಪ್ಪಲಿಯೂ ಅಲ್ಲ, ನೀರಿನ ಬಾಟಲಿಯೂ ಅಲ್ಲ.
ಬೂದು ಬಣ್ಣದ ಫೈಟರ್ ಜೆಟ್,
ರೆಕ್ಕೆಯ ಮೇಲೆ ಹಲ್ಲಿನ ಗುರುತು,
ಮೂತಿಗೆ ಖರ್ಜೂರದ ಅಂಟು.
ಹೊಟ್ಟೆಯಡಿ ಎರಡು ಮುಷ್ಟಿ ಮಡಚಿಕೊಂಡಿದ್ದವು.
ಮುಷ್ಟಿಯಿರುವ ವಿಮಾನ ನಾನು ಕಂಡಿರಲಿಲ್ಲ.

ತಲಾಲನದು, ಬೇರೆ ಯಾರದೂ ಅಲ್ಲ.
ದಿನಾ ಕಿಟಕಿಗೊತ್ತಿ ಹಾರಿಸುತ್ತಾನೆ, ಬಾಯಲ್ಲೇ ಸದ್ದು,
ಗಾಜಿನ ತುಂಬ ಉಗುಳು; ಒರೆಸುವವಳು ನಾನು.

ಶುಕ್ರವಾರ ರಜೆ. ನಮ್ಮ ಕೋಣೆಯಲ್ಲಿ
ಮೂರು ಮಂಚ, ಒಂದು ಇಸ್ತ್ರಿಪೆಟ್ಟಿಗೆ.
ಕುಸುಮಲತಾ ರೆಕ್ಕೆ ಹಿಡಿದಳು, ಮಾರಿಸೆಲ್ ಬಾಲ ತಿರುಗಿಸಿದಳು,
ನಾನು ಸೇಫ್ಟಿ ಪಿನ್ನಿನಿಂದ ಸಂದು ಕೆದಕಿದೆ,
ಉದ್ಯಾವರದ ಹೊಳೆಯಲ್ಲಿ ಹೆಕ್ಕಿದ ಮರುವಾಯಿ ಬಿಡಿಸಿದ ಹಾಗೆ.
ಟಕ್.
ಕಾಲು ಬಂತು. ಇನ್ನೊಂದು ಟಕ್, ಎದೆ ಬಿರಿಯಿತು.
ಪೈಲಟ್ ಕೂರುವ ಗೂಡಿನ ಅಡಿಯಿಂದ
ಗುಲಗಂಜಿ ಚೂರಿನಂಥ ಕಣ್ಣಿನ
ಒಂದು ಮುಖ ಎದ್ದು ಬಂತು.

ಮೂವರೂ ಸುಮ್ಮನಾದೆವು.
ಹೆರಿಗೆ ಎಂದಳು ಕುಸುಮಲತಾ, ಕೈಸನ್ನೆಯಲ್ಲಿ.

ಅಷ್ಟರಲ್ಲಿ ನಿಜವಾದವು ಎರಡು
ತಾರಸಿಯ ಮೇಲೆ ಹಾದುಹೋದವು.
ಶೆಲ್ಫಿನ ಸ್ಟೀಲ್ ಲೋಟಗಳು ತಾವಾಗಿ ಒಂದು ಹೆಜ್ಜೆ ನಡೆದವು.
ಮಾರಿಸೆಲ್ ಶಿಲುಬೆಯ ಗುರುತು ಹಾಕಿಕೊಂಡಳು,
ಯಾವತ್ತೂ ಹಾಕುತ್ತಾಳೆ. ನಾನು ಯಾವತ್ತೂ
ಒಲೆಯ ಮೇಲಿನ ಹಾಲು ನೋಡುತ್ತೇನೆ.
ಅವುಗಳ ಮುಷ್ಟಿ ಎಲ್ಲಿ, ಮುಖ ಎಲ್ಲಿ,
ಅಷ್ಟು ಎತ್ತರದಲ್ಲಿ ಕಾಣುವುದಿಲ್ಲ.

ಸಂಜೆ ಮತ್ತೆ ವಿಮಾನ ಮಾಡಲು ಕೂತೆವು. ಆಗಲಿಲ್ಲ.
ಕಾಲು ಕೂತರೆ ಕೈ ಏಳುತ್ತದೆ,
ಕೈ ಕೂತರೆ ತಲೆ ಒಳಗೆ ಹೋಗಲು ಒಪ್ಪುವುದಿಲ್ಲ.
ಹುಟ್ಟಿದ್ದನ್ನು ವಾಪಸ್ ಕಳಿಸುವುದುಂಟೇ.
ಒಂದು ಕೀಲು ಬೆಳ್ಳಗಾಯಿತು, ಮುರಿಯುವ ಮುಂಚಿನ ಬಿಳುಪು.
ಹೆದರಿ ಬಿಟ್ಟೆ.

ಮೂಲೆಯಂಗಡಿಯ ಕಪಾಟಿನಲ್ಲಿ ನೋಡಿಬಂದೆ,
ಇವನ ಅಣ್ಣತಮ್ಮಂದಿರು ಸಾಲಾಗಿ ನಿಂತಿದ್ದಾರೆ:
ಲಾರಿಯಾಗುವವನು, ಟ್ಯಾಂಕಾಗುವವನು,
ಚೇಳಾಗುವವನು ಕೂಡ.
ಹಾರುವವನು ಇವನೊಬ್ಬನೇ, ಹದಿನಾಲ್ಕು ದಿನಾರು.
ಸ್ಕೂಲ್ ಬಸ್ಸಾಗುವವನು ಯಾರೂ ಇರಲಿಲ್ಲ.

ಎರಡು ರಾತ್ರಿ ನನ್ನ ತಲೆದೆಸೆಯಲ್ಲಿ ನಿಂತಿದ್ದ,
ಎ.ಸಿ.ಯ ಹಸಿರು ದೀಪ ಕಣ್ಣಲ್ಲಿ ತುಂಬಿಕೊಂಡು.

ಭಾನುವಾರ, ಆರೂಕಾಲು.
ಬಸ್ಸಿನ ಮೆಟ್ಟಿಲಲ್ಲೇ ಕಸಿದುಕೊಂಡ ತಲಾಲ್.
ನೋಡದೆ, ಬಿಚ್ಚಿದ ಶೂ ಲೇಸ್ ತುಳಿಯುತ್ತಲೇ,
ಟಕ್ ಟಕ್ ಟಕ್ ಟಕ್.
ಜೆಟ್.
ಮುಖ ಎಲ್ಲಿ ಹೋಯಿತೋ, ಕೇಳಿದೆ,
ನನಗೆ ಬರುವಷ್ಟು ಅರಬ್ಬಿಯಲ್ಲಿ.
‘ನಾಯೆಮ್’ ಅಂದ. ಮಲಗಿದೆ.
ವಿಮಾನದ ಹೊಟ್ಟೆಗೆ ಬೆರಳು ಬಡಿದ: ಒಳಗೆ.

ಇಪ್ಪತ್ತಮೂರು ಮಕ್ಕಳು ಇಳಿದರು. ಎಣಿಸಿದೆ.
ಕೊನೆಯ ಸೀಟಿಗೆ ಹೋದೆ, ಬಗ್ಗಿದೆ, ಕೈಯಾಡಿಸಿದೆ.
ಒಂದು ಪೆನ್ಸಿಲ್ ಸಿಪ್ಪೆ.
ಗುಲ್‌ಶೇರ್ ಇಂಜಿನ್ ಆರಿಸಿ ಕೀಲಿಗೊಂಚಲು ಕುಲುಕಿದ:
‘ಖಾಲಿ ತಾನೇ, ಸುಗಂಧಿ?’

ತಡಿ, ಎಂದೆ. ಇನ್ನೊಂದು ಸಲ.