ತೂಕದ ಕಾಲಂ

ಒಳಗೆ ಬಂದವನನ್ನು ಮೊದಲು ತೂಗಬೇಕು.
ಮಂಡ್ಯ ಜೈಲಿನ ಗುಮಾಸ್ತ ನಾನು.
ಹೆಸರು, ಬಿನ್, ಕಸುಬು, ಎಡಗೆನ್ನೆಯ ಮಚ್ಚೆ,
ಏಳನೇ ಕಾಲಮ್ಮಿನಲ್ಲಿ ತೂಕ.

ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಿದ್ದ,
ತುಂಬಿದ್ದು ಒಮ್ಮೆ, ಖಾಲಿಯಾದದ್ದು ಒಮ್ಮೆ.
ಕಳೆದು ಉಳಿದರೆ ಕಬ್ಬು.
ನಾನೂ ಅಷ್ಟೆ, ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ.
ಕಳೆದು ಉಳಿಯುವುದಕ್ಕೆ ಮಾತ್ರ
ನಮ್ಮ ರಿಜಿಸ್ಟರಿನಲ್ಲಿ ಹೆಸರಿಲ್ಲ.

ಮರಂಕಯ್ಯ ಬಿನ್ ಲೇಟ್ ಕುಳ್ಳಯ್ಯ, ವಯಸ್ಸು ಇಪ್ಪತ್ತಾರು.
ನಲವತ್ತೊಂದು ಕೇಜಿ.
ಕದ್ದದ್ದು ಪಂಪ್‌ಸೆಟ್ಟಿನ ತಾಮ್ರ, ಏಳು ಕೇಜಿ,
ಮಹಜರಿನಲ್ಲಿದೆ.

ಪೊಲೀಸರಿಗೂ ಮುಂಚೆ ಊರವರು
ಲೈಟುಕಂಬಕ್ಕೆ ಕಟ್ಟಿದ್ದರು.
ನಾಲೆ ನೀರಿನ ಸರದಿಗೆ ಜಗಳವಾಡಿ
ಒಂಬತ್ತು ವರ್ಷ ಮಾತು ಬಿಟ್ಟಿದ್ದ ದಾಯಾದಿಗಳು
ಒಂದೇ ಹಗ್ಗದ ಎರಡು ತುದಿ ಹಿಡಿದರಂತೆ.
ಯಾರ ಮನೆಯಿಂದಲೋ ಎಲ್ಲರಿಗೂ ಮಜ್ಜಿಗೆ ಬಂತಂತೆ.
"ಅವತ್ತೊಂದಿನ ಊರು ಒಂದಾಗಿತ್ತು ಸಾ,"
ಅಂದ, ತುಟಿಯ ಹೊಲಿಗೆ ಮುಟ್ಟಿಕೊಳ್ಳುತ್ತ,
ತಾನೂ ಉಂಡು ಬಂದ ಬೀಗರೂಟದ ಸುದ್ದಿ ಹೇಳುವ ಹಾಗೆ.

ಜಾಮೀನು ಸಿಕ್ಕಿತ್ತು, ಮೊದಲ ವಾರದಲ್ಲೇ, ಕಾಗದದಲ್ಲಿ.
ನಿಲ್ಲುವವರಿಗೆ ಪಹಣಿ ಬೇಕು.
ಪಹಣಿ ಇದ್ದವರೆಲ್ಲ ಹಗ್ಗ ಹಿಡಿದವರೇ.
ಹದಿನಾಲ್ಕು ತಿಂಗಳು ಕೂತ.
ತೀರ್ಪು ಬಂತು: ಒಂದು ವರ್ಷ.
ಮಿಕ್ಕ ಎರಡು ತಿಂಗಳು ಯಾರ ಖಾತೆಗೆ ಅಂತ
ಸಾಹೇಬರನ್ನು ಕೇಳಿದೆ.
ಅವರು ಗಡಿಯಾರ ನೋಡಿದರು.

ಬಿಡುಗಡೆಯ ದಿನ ಮತ್ತೆ ಹತ್ತಿಸಿದೆ: ನಲವತ್ತಾರು.
ಮೂರು ಹೊತ್ತಿನ ಊಟ ಅವನು ಕಂಡದ್ದು ಇಲ್ಲೇ.
"ಏಳ್ ಕೇಜಿ ತಾಮ್ರ ಕಿತ್ಕಂಡ್ರಿ,
ಐದ್ ಕೇಜಿ ಮೈ ಕೊಟ್ರಿ,
ಇನ್ನೆರಡು ಬಾಕಿ ಸಾ," ಅಂದು ನಕ್ಕ.
ನಾನೂ ನಕ್ಕೆ. ನಗಬಾರದಿತ್ತೇನೋ.

ಎಂಟು ತಿಂಗಳಾದ ಮೇಲೆ ಗೇಟಿನಲ್ಲಿ ಅವನೇ.
ಊರಲ್ಲಿ ಯಾರ ಕೋಳಿ ಕಾಣದಿದ್ದರೂ
ಇವನ ಬಾಗಿಲು ಬಡಿಯುತ್ತಿದ್ದರಂತೆ.
ಕಬ್ಬು ಕಡಿಯಲೂ ಕರೆಯಲಿಲ್ಲವಂತೆ.
ಈ ಸಲ ಏನು ಕದ್ದೆ ಅಂದರೆ
"ಅವ್ರು ಬರ್ಕೊಂಡವ್ರಲ್ಲ ಸಾ, ಅದೇಯ," ಅಂದ.

ಏಳನೇ ಕಾಲಂ: ಮೂವತ್ತೊಂಬತ್ತು.
ಅಭ್ಯಾಸಬಲ, ಹಾಳೆ ಹಿಂದಕ್ಕೆ ತಿರುವಿ ಕಳೆದು ನೋಡಿದೆ.
ಏಳು.
ಅವನು ಲೆಕ್ಕ ಕೇಳಲಿಲ್ಲ.
ಹೆಬ್ಬೆರಳಿಗೆ ತಾನೇ ಮಸಿ ಹಚ್ಚಿಕೊಂಡು ನಿಂತಿದ್ದ,
ಯಾವ ಜಾಗ ಅಂತ ಗೊತ್ತಿತ್ತು.

ಮೊನ್ನೆ ಸಂಜೆ, ಬೀಗ ಬಿದ್ದ ಮೇಲೆ,
ಚಪ್ಪಲಿ ಬಿಟ್ಟು ನಾನೇ ಹತ್ತಿದೆ.
ಮುಳ್ಳು ಇನ್ನೂ ಅಲ್ಲಾಡುತ್ತಿತ್ತು,
ವಾರ್ಡರ್ ಬೂಟಿನ ಸದ್ದಾಯಿತು,
ಇಳಿದೆ.