ನಲವತ್ಮೂರನೆಯ ಫೈಲು

ನೌಬಾದಿನಾಚೆ, ಕೆಂಪು ಮುರ್ರಮ್ಮಿನ ದಿಬ್ಬದ ಮೇಲೆ
ಆರುನೂರು ಹಾಸಿಗೆಯ ಆಸ್ಪತ್ರೆ.
ಇನ್ನೂ ಎದ್ದಿಲ್ಲ.
ತಗಡಿನ ಶೆಡ್ಡಿನೊಳಗೆ, ನನ್ನ ಪರದೆಯ ಮೇಲೆ ಮಾತ್ರ
ಬಣ್ಣ ಬಳಿದುಕೊಂಡು, ದೀಪ ಹಚ್ಚಿಕೊಂಡು ನಿಂತಿದೆ.

ಇಷ್ಟು ದೊಡ್ಡದು ಒಂದೇ ಫೈಲಿನಲ್ಲಿ ಹಿಡಿಸದು.
ನನಗಿಂತ ಮುಂಚಿನವರು ಹಿಡಿಸಲು ನೋಡಿದ್ದರು;
ತೆರೆಯಲು ಒತ್ತಿ, ಚಹಾ ಕುಡಿದು ಬಂದರೂ
ಬಿಳಿ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಒಡೆದೆ.
ಬ್ಲಾಕು ಬ್ಲಾಕಾಗಿ, ಮಹಡಿ ಮಹಡಿಯಾಗಿ,
ಕಂಬ ತೊಲೆ ಬೇರೆ, ಗೋಡೆ ಬಾಗಿಲು ಬೇರೆ,
ನೀರಿನ ಪೈಪು, ಗಾಳಿಯ ಡಕ್ಟು,
ಆಕ್ಸಿಜನ್ನಿನ ಸಪೂರ ತಾಮ್ರದ ನಳಿಕೆ.
ಮನೆ ಪಾಲು ಮಾಡಿದ ಹಾಗಲ್ಲ ಇದು.
ಪಾಲಾದ ಮೇಲೂ ಒಂದೇ ಒಲೆ ಉರಿಯಬೇಕು.

ಆ ಒಲೆ ಗೇಟಿನ ಪಕ್ಕ ಇದೆ:
ಸಿಮೆಂಟಿನಲ್ಲಿ ಹೂತ ಹಿತ್ತಾಳೆಯ ಗುಬ್ಬಿ,
ಸೊನ್ನೆ, ಸೊನ್ನೆ, ಸೊನ್ನೆ.
ನಲವತ್ತೆರಡು ಫೈಲೂ ಅದನ್ನೇ ನೆಲೆಯೆಂದು ನಂಬಬೇಕು.
ಡಕ್ಟಿನ ಹುಡುಗ ಝುಬೇರ್ ಒಮ್ಮೆ ತನ್ನದೇ ಸೊನ್ನೆ ಇಟ್ಟುಕೊಂಡು
ಮೂರನೇ ಮಹಡಿಯ ಗಾಳಿಯನ್ನೆಲ್ಲ
ಪಕ್ಕದ ತೊಗರಿ ಹೊಲದ ಮೇಲೆ ತೇಲಿಸಿದ್ದ.
ನಕ್ಕೆವು. ನಕ್ಕು ಮುಗಿದ ಮೇಲೆ
ಹೆಸರಿಡುವ ನಿಯಮ ಬರೆದು ತಗಡಿಗೆ ಅಂಟಿಸಿದೆ:
ಬ್ಲಾಕು, ಮಹಡಿ, ಕಸುಬು, ಅಂಕಿ.
‘ಅಂತಿಮ’, ‘ಹೊಸ ಅಂತಿಮ’, ‘ಇದೇ ಖರೇ ಅಂತಿಮ’
ಎಂದೆಲ್ಲ ಹೆಸರಿಟ್ಟವರು
ಶೆಡ್ಡಿಗೆಲ್ಲ ಮಿರ್ಚಿ ಭಜಿ ತರಿಸಬೇಕು.

ಗುರುವಾರ ಗುರುವಾರ ಎಲ್ಲವನ್ನೂ ಒಂದರೊಳಗೊಂದು ಕೂಡಿಸಿ
ಡಿಕ್ಕಿ ಹುಡುಕುತ್ತೇವೆ.
ತೊಲೆಯ ಎದೆ ತೂರಿದ ಪೈಪು,
ಮೆಟ್ಟಿಲಿಳಿಯುವವರ ಹಣೆಗೆ ಬಡಿಯುವ ಕೇಬಲ್ ಟ್ರೇ.
ಮೊದಲ ವಾರ ಎರಡು ಸಾವಿರದ ಮುನ್ನೂರ ಹದಿನಾಲ್ಕು.
ನಿನ್ನೆ ಬೆಳಿಗ್ಗೆ ಒಂಬತ್ತು,
ಸಂಜೆಗೆ ಒಂದೂ ಇಲ್ಲ.

ಇವತ್ತು ತುಳಜಪ್ಪ ಬಂದರು,
ಬಾವಿಗಿಳಿದು ಹೂಳು ತೆಗೆಯುವವರು.
ಚಪ್ಪಲಿ ಹೊರಗೇ ಬಿಟ್ಟು, ಒಳಗೆ ಬಾರದೆ, ಹೊಸ್ತಿಲಲ್ಲೇ:
“ಬಾಯಾರ, ಸುಣ್ಣದ ಗುರ್ತು ಹಾಕೀರಲ್ಲ, ಏಳನೇ ಸಾಲು,
ಅದರ ಬುಡಕ ಸುರಂಗ ಬಾವಿ ಅದ.
ನೀರು ಇನ್ನಾ ಹರೀತದ.
ರಾತ್ರಿ ಕಿವಿ ಕೊಟ್ಟರ ಕೇಳ್ತದ.”

ಸರ್ವೆ ನಕ್ಷೆಯಲ್ಲಿ ಇಲ್ಲ.
ಮಣ್ಣಿನ ವರದಿಯಲ್ಲಿ ಇಲ್ಲ.
ಅವರ ಬಳಿ ಇರುವುದು ಒಂದು ನೂಲಿನ ಹಗ್ಗ,
ಮಾರಿಗೊಂದು ಗಂಟು.
ಬೇವಿನ ಗಿಡದ ಪಕ್ಕದ ಗಾಳಿಬಾವಿಯಿಂದ ಏಳು ಮಾರು ಕೆಳಕ್ಕೆ,
ಅಲ್ಲಿಂದ ಮೂಡಲಿಗೆ ಎಂಬತ್ತಾರು,
“ಆಮ್ಯಾಲ ಎಡಕ್ಕ ಹೊಳ್ಳತದ,
ಗಳೇದ ಎತ್ತು ಹೊಳ್ಳಿದಂಗ.”

ಎತ್ತು ಹೊರಳಿದರೆ ಎಷ್ಟು ಡಿಗ್ರಿ?
ಝುಬೇರ್ ನನ್ನ ಮುಖ ನೋಡಿದ.
ನಾನು ಅವರ ಕೈ ನೋಡಿದೆ,
ಗಾಳಿಯಲ್ಲಿ ಇನ್ನೂ ಹೊರಳುತ್ತಿತ್ತು.

ಅವರ ಸೊನ್ನೆ ಬೇವಿನ ಗಿಡ. ನಮ್ಮದು ಗುಬ್ಬಿ.
ಎರಡರ ನಡುವೆ ಬಿಸಿಲಲ್ಲಿ ಟೇಪು ಹಿಡಿದು ನಡೆದೆವು.
ಮಾರು ಅಂದರೆ ಎಷ್ಟು, ಕೇಳಿದೆ.
ಎರಡೂ ಕೈ ಚಾಚಿ ನಿಂತರು.
ಬೆರಳ ತುದಿಯಿಂದ ಬೆರಳ ತುದಿಗೆ
ಒಂದು ಮೀಟರು ಅರವತ್ತೆಂಟು.

ಹೊಸ ಫೈಲು.
ಎಳೆದೆ. ಕೂಡಿಸಿದೆ. ಓಡಿಸಿದೆ.
ಹದಿನೇಳು ಡಿಕ್ಕಿ, ಎಲ್ಲವೂ ಬುಡದಲ್ಲಿ.

ಹೈದರಾಬಾದಿನಿಂದ ಕಂಬದವರು ಫೋನಿನಲ್ಲಿ ಕೂಗಿದರು,
ಆಧಾರವೇನು, ಯಾರ ಸಹಿ?
ಕಂಬ ಸರಿಯುತ್ತದೋ ಇಲ್ಲವೋ, ಸೋಮವಾರ ಸಭೆ.
ಫೈಲಿಗೆ ಹೆಸರು ಬೇಕು, ನಿಯಮ ನಾನೇ ಬರೆದದ್ದು.
ಬ್ಲಾಕು: ಯಾವುದೂ ಅಲ್ಲ.
ಮಹಡಿ: ಎಲ್ಲದರ ಕೆಳಗೆ.
ಕಸುಬು: ನೀರು ಎಂದು ಬರೆದು, ಅಳಿಸಿ, ಮತ್ತೆ ನೀರು ಎಂದೇ ಬರೆದೆ.
ಮಾಹಿತಿಯ ಮೂಲ: ತುಳಜಪ್ಪ, ಹಗ್ಗ.
ನಿಖರತೆ: ಎತ್ತು ಹೊಳ್ಳಿದಂಗ.

ಈಗ ಒಳಗೆ ಬಂದು, ಬಗ್ಗಿ, ಪರದೆಯ ನೀಲಿ ಗೆರೆ ನೋಡಿದರು.
“ಇದರಾಗ ಸಪ್ಪಳ ಬರ್ತದೇನು?”
ಇಲ್ಲ ಅಂದೆ.
“ಹಂ,” ಅಂದು ಹಗ್ಗ ಸುತ್ತತೊಡಗಿದರು, ಗಂಟು ಎಣಿಸುತ್ತ.
ಐದನೆಯದು ಸಡಿಲಾಗಿತ್ತು.
ಹಲ್ಲಿನಲ್ಲಿ ಕಚ್ಚಿ ಬಿಗಿದರು.